ಸೀದ ಹುರುಳಿ ಸಾರು

ನನ್ನ ಕಣ್ಣಾಣೆ, ಇದು ನಡೆದಿದ್ದೇ. ಆಗ ಎಲ್ರಿಗೂ ರೇಷನ್ನಿನ ಬಿಳಿ ಮುದ್ದೆ ಒಂದೇ ಊಟ. ಅದಕ್ಕೆ ಸ್ವಂತ ರುಚಿ ಇಲ್ಲ. ಯಾರು ತುತ್ತು ಹಾಕ್ತಾರೋ ಅವರ ನೆನಪಲ್ಲಿರೋ ಊಟದ ರುಚಿ ಬರೋದು.

ನಮ್ಮೂರ ಸಣ್ಣತಾಯಿ ಅನ್ನೋಳ ತಂಗಿ ದ್ಯಾವೀರಿ, ಅವ್ವ ಸತ್ತಾಗಿಂದ ಐದು ದಿನ ಒಂದಗುಳೂ ಮುಟ್ಟಿರಲಿಲ್ಲ. ಅವತ್ತೂ ತಟ್ಟೆ ಖಾಲಿಯಾಗದಿದ್ರೆ, ಮನೆಮನೆ ತಟ್ಟೆ ನೋಡೋಕೆ ಬರೋ ಸರ್ಕಾರಿ ವ್ಯಾನಿನೋರು ಎತ್ಕೊಂಡೋಗಿ ಮೂಗಿಗೆ ಪೈಪ್ ಹಾಕೋರು. ಪೈಪ್ ಹಾಕಿಸ್ಕೊಂಡೋರಿಗೆ ಸಾಯೋವರೆಗೂ ಯಾವ ರುಚಿಯೂ ಹತ್ತಲ್ಲ. ವ್ಯಾನು ಆಗಲೇ ಪಕ್ಕದ ಮನೆ ಮುಂದೆ ನಿಂತಿತ್ತು.

ಸಣ್ಣತಾಯಿ ಮದುವೆಮನೆ ಹೋಳಿಗೆ ನೆನೆಸ್ಕೊಂಡು ತಂಗಿ ತುಟಿ ಸಂದಿಗೆ ತುತ್ತು ತುರುಕಿದಳು. ಆ ಗಾಬರೀಲಿ ಹೋಳಿಗೆ ಎಲ್ಲಿ ನಿಲ್ಲಬೇಕು? ಚಿಕ್ಕಂದಿನಲ್ಲಿ ಇಬ್ಬರೂ ಮೂಗು ಹಿಡ್ಕೊಂಡು ನುಂಗ್ತಿದ್ದ ಅವ್ವನ ಸೀದ ಹುರುಳಿ ಸಾರೇ ನುಗ್ಗಿ ಬಂತು.

ದ್ಯಾವೀರಿ ಮುಖ ಹಿಂಡಿದಳು.

"ಉಗೀಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ," ಅಂದಳು ಸಣ್ಣತಾಯಿ.

ದ್ಯಾವೀರಿ ನಿಧಾನಕ್ಕೆ ನುಂಗಿದಳು. "ಅವ್ವ ಉಪ್ಪು ಇನ್ನೂ ಜಾಸ್ತಿ ಸುರೀತಿದ್ಲು. ಸರಿಯಾಗಿ ನೆನೆಸ್ಕೊಂಡು ಹಾಕಕ್ಕ."

ವ್ಯಾನಿನೋರು ಬಂದು ಖಾಲಿ ತಟ್ಟೆ ನೋಡಿ ಮುಂದಕ್ಕೋದರು.

ನಂಬಲ್ವಾ? ಹಂಗಾದ್ರೆ ನಿಮ್ಮ ಕೈಯಾರೆ ನಂಗೊಂದು ತುತ್ತು ಹಾಕಿ, ನಿಮ್ಮವ್ವ ಏನು ಸೀಯಿಸಿದ್ಲು ಅಂತ ನಾನು ಹೇಳ್ತೀನಿ.