ಕೆಂಪು ಗೆರೆ, ನೀಲಿ ಗೆರೆ

ಮನೋವೈದ್ಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ತಂಗಿ ಚೌಕಳಿ ಹಾಳೆ ಬಿಚ್ಚಿ ಹರಡಿದ ರಭಸಕ್ಕೆ ಪಕ್ಕದಲ್ಲಿ ಕೂತಿದ್ದವರು ಎದ್ದು ಜಾಗ ಬಿಟ್ಟರು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವವಳು ಅವಳು. ಯಾವ ಬಸ್ಸು ಎಲ್ಲಿ ಯಾವುದಕ್ಕೆ ಅಡ್ಡ ಬರುತ್ತದೆಂದು ಗೆರೆ ಎಳೆದು ಹೇಳುವುದೇ ಅವಳ ಕೆಲಸ. ಈ ಹಾಳೆಯಲ್ಲಿ ಬಸ್ಸಿರಲಿಲ್ಲ. ಹಳೆಯ ಡೈರಿಗಳಿಂದ ಹೆಕ್ಕಿ ತೆಗೆದ ಅವಳದೇ ಆರು ವರ್ಷವಿತ್ತು.

"ಅಕ್ಕಾ, ಕೆಂಪು ಗೆರೆ ನನ್ನ ಮುಟ್ಟು. ತುಂಡಾದ ಕಡೆಯೆಲ್ಲ ಬಂದಿಲ್ಲ. ನೀಲಿ ಗೆರೆ ಮನಸ್ಸು. ನೋಡು, ಕೆಂಪು ತುಂಡಾದ ಹಿಂದೆಯೇ ನೀಲಿ ಮೇಲಕ್ಕೆ ಹಾರತ್ತೆ, ಇಲ್ಲ ಪಾತಾಳಕ್ಕೆ ಇಳಿಯತ್ತೆ! ಮುಟ್ಟು ತಪ್ಪಿಸೋ ಪಿಸಿಒಎಸ್‌ಗೆ ಮೇಲಿನ ಮಹಡಿಯ ಡಾಕ್ಟ್ರು, ಬೈಪೋಲಾರ್‌ಗೆ ಇಲ್ಲಿ ಇವರು. ಒಬ್ಬರಾದ್ರೂ ಎರಡೂ ಫೈಲನ್ನ ಒಟ್ಟಿಗೆ ಇಟ್ಟು ನೋಡಿದ್ದಾರಾ? ಇವರು ಕೊಟ್ಟ ಈ ಬಿಳಿ ಮಾತ್ರೆ ಶುರುವಾದ ಮೇಲಂತೂ ಕೆಂಪು ಗೆರೆ ಬರೀ ಚುಕ್ಕಿ ಚುಕ್ಕಿ!"

ಅಕ್ಕ ಹಾಳೆ ಬಿಟ್ಟು ತಂಗಿಯ ಕಣ್ಣನ್ನೇ ನೋಡಿದಳು. ಹೋದ ಸಲ ಇದೇ ಓಟದ ಮಾತಿನಲ್ಲಿ ತಂಗಿ ಒಂದೇ ಮಧ್ಯಾಹ್ನ ಹದಿಮೂರು ಕೊಡೆ ಕೊಂಡು ತಂದಿದ್ದಳು. ಆಗಿನಿಂದ ಅವಳು ಖುಷಿಯಾಗಿದ್ದರೆ ಮನೆಯವರಿಗೆಲ್ಲ ಭಯ. ಡಾಕ್ಟರೂ ಪ್ರತಿ ಸಲ ಕೇಳುವುದು ಅಕ್ಕನನ್ನೇ. ಅಕ್ಕ "ಮತ್ತೆ ಶುರುವಾಗಿದೆ" ಎಂದರೆ ಮುಗಿಯಿತು, ಮಾತ್ರೆ ಹೆಚ್ಚುತ್ತದೆ, ಹಾಳೆಯನ್ನು ಯಾರೂ ನೋಡುವುದಿಲ್ಲ.

"ನಿನ್ನೆ ನಿದ್ದೆ ಮಾಡಿದ್ಯಾ?"

"ಏಳು ಗಂಟೆ. ಗೊರಕೆ ಹೊಡೀತೀಯ ಅಂತ ನೀನೇ ಬೈದೆಯಲ್ಲ!"

ಅದೇನೋ ನಿಜ. "ಹಾಗಿದ್ರೆ ನನ್ನ ಮಗು ಹುಟ್ಟಿದ ತಿಂಗಳು ತೋರಿಸು" ಎಂದಳು ಅಕ್ಕ. ಆಗ ತಂಗಿ ಆಸ್ಪತ್ರೆಗೆ ಇಣುಕಿಯೂ ನೋಡಿರಲಿಲ್ಲ. ಅಕ್ಕ ಅದನ್ನು ಮರೆತಿರಲಿಲ್ಲ.

ತಂಗಿಯ ಬೆರಳು ನೆಟ್ಟಗೆ ಹೋಗಿ ನಿಂತಿತು. ಕೆಂಪು ಗೆರೆ ತುಂಡಾಗಿ ಐದು ಚೌಕ, ಅಂದರೆ ಐದು ತಿಂಗಳು, ಕಳೆದಿತ್ತು. ನೀಲಿ ಹಾಳೆಯ ತಳದಲ್ಲಿತ್ತು.

"ಹಾಸಿಗೆಯಿಂದ ಏಳೋಕೇ ಆಗ್ತಿರಲಿಲ್ಲ ಅಕ್ಕಾ. ಆಗಿನ್ನೂ ಕಾಯಿಲೆಗೆ ಹೆಸರೂ ಸಿಕ್ಕಿರಲಿಲ್ಲ. ನೀನು ಸೊಕ್ಕು ಅಂದ್ಕೊಂಡೆ."

ಅಕ್ಕನಿಗೆ ಅಳು ಉಕ್ಕಿ ಬಂತು. ಅದರ ಬೆನ್ನಿಗೇ ಸಿಟ್ಟು, ಸಿಟ್ಟಿನ ಬೆನ್ನಿಗೆ ಎಲ್ಲಿಲ್ಲದ ಹುರುಪು. "ಏಳೇ, ನಮ್ಮ ಸರದಿ ಬಂತು! ಎರಡೂ ಫೈಲು ತಗೋ. ಇವತ್ತು ಅವರು ನೋಡ್ತಾರೋ ಇಲ್ವೋ ನಾನೂ ನೋಡ್ತೀನಿ!"

"ಅಕ್ಕಾ, ಮೆಲ್ಲಗೆ! ನಿನಗೇ ಮಾತ್ರೆ ಚೀಟಿ ಬರೆದುಬಿಡ್ತಾರೆ!"

ಡಾಕ್ಟರು ಹಾಳೆಯನ್ನೂ ತಂಗಿಯನ್ನೂ ಒಮ್ಮೆ ನೋಡಿ, ವಾಡಿಕೆಯಂತೆ ಅಕ್ಕನತ್ತ ತಿರುಗಿದರು. "ಎಷ್ಟು ದಿನದಿಂದ ಹೀಗೆ?"

"ಕಾಯಿಲೆ ಆರು ವರ್ಷದಿಂದ. ಖುಷಿ ಮಾತ್ರ ನಿನ್ನೆಯಿಂದ" ಎಂದಳು ಅಕ್ಕ. "ಅದು ಕಾಯಿಲೆಯ ಖುಷಿ ಅಲ್ಲ ಡಾಕ್ಟ್ರೇ, ಕಂಡುಹಿಡಿದ ಖುಷಿ. ದಯವಿಟ್ಟು ನೋಡಿ."

ಅವರು ನೋಡಿದರು. ಮೊದಲು ಒರಗಿ ಕೂತು, ಆಮೇಲೆ ಕನ್ನಡಕ ಏರಿಸಿ, ಬಗ್ಗಿ. ಬಿಳಿ ಮಾತ್ರೆ ಶುರುವಾದ ಚೌಕದ ಮೇಲೆ ಅವರ ಪೆನ್ನು ನಿಂತೇಬಿಟ್ಟಿತು. "ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಮೊದಲು ರಕ್ತಪರೀಕ್ಷೆ ಆಗಲಿ. ಮೇಲಿನ ಡಾಕ್ಟ್ರ ಜೊತೆ ಇವತ್ತೇ ಮಾತಾಡ್ತೀನಿ" ಎಂದರು. ಆಮೇಲೆ ಕುರ್ಚಿಯನ್ನು ತಂಗಿಯ ಕಡೆಗೆ ತಿರುಗಿಸಿ ಕೇಳಿದರು: "ನೀವು ಕೊನೆಯ ಸಲ ಮುಟ್ಟಾಗಿದ್ದು ಯಾವಾಗ?"

ಈ ಕೋಣೆಗೆ ಬರತೊಡಗಿ ನಾಲ್ಕು ವರ್ಷವಾಗಿತ್ತು; ಪ್ರಶ್ನೆ ಅವಳಿಗೇ ಬಂದದ್ದು ಇದೇ ಮೊದಲು. ತಾರೀಖು ತಂಗಿಯ ನಾಲಿಗೆಯ ತುದಿಯಲ್ಲೇ ಇತ್ತು.

"ಇನ್ನೊಂದು ಸಲ ಕೇಳಿ ಡಾಕ್ಟ್ರೇ" ಎಂದಳು.