ಅಳಿಸಿಹೋದ ದನಿ

ನಮಗೆ ಬೇಡದ ಫೋಟೊ, ವಿಡಿಯೊಗಳನ್ನು ಕಾಪಾಡಲೂ ಎಲ್ಲೋ ದೂರದಲ್ಲಿ ಸಾವಿರಾರು ಯಂತ್ರಗಳು ಹಗಲೂ ರಾತ್ರಿ ಕರೆಂಟು ನುಂಗುತ್ತಿರುತ್ತವೆ ಎಂದು ಪ್ರಮೀಳಾ ಅವತ್ತು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿದ್ದಳು. ಮನೆಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತು, ಆನ್‌ಲೈನಿನಲ್ಲಿ ತುಂಬಿಟ್ಟಿದ್ದ ಹಳೆಯದನ್ನೆಲ್ಲ ಗುರುತೂ ಉಳಿಯದಂತೆ ಅಳಿಸಿಹಾಕಿದಳು.

ಆಮೇಲೆ ನೆನಪಾಯಿತು: ತೀರಿಹೋದ ಮಾವನ ಮಾತುಗಳ ರೆಕಾರ್ಡಿಂಗೂ ಅದರಲ್ಲೇ ಇತ್ತು. ಗಂಡ ದಿನಾ ಸಂಜೆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಕೇಳಿಸುತ್ತಿದ್ದ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಗಂಡ ಬರುವ ಹೊತ್ತಾಗಿತ್ತು. ಅವಳು ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ನಿಂತಳು.

"ಅತ್ತೆ, ತಪ್ಪಾಗ್ಹೋಯ್ತು. ಮಾವನ ದನಿ ಅಳಿಸ್ಬಿಟ್ಟೆ. ಇವರಿಗೆ ಏನಂತ ಹೇಳ್ಲಿ?"

ಅತ್ತೆಯ ಕೈಯಿಂದ ಸೌಟು ಜಾರಿ ಬಿತ್ತು.

"ಪೂರ್ತಿ ಹೋಯ್ತಾ?"

"ಪೂರ್ತಿ ಹೋಯ್ತು, ಅತ್ತೆ." ಅವಳಿಗೆ ಅಳು ಬಂತು.

ಅತ್ತೆ ಒಮ್ಮೆ ಬಾಗಿಲ ಕಡೆ ನೋಡಿ, ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಪಿಸುಗುಟ್ಟಿದರು:

"ಅವರು ಇದ್ದಷ್ಟು ದಿನ ಆ ದನಿ ಕೇಳಿದ್ರೆ ನಡುಗ್ತಿದ್ದೆ ಕಣೆ, ಈಗ್ಲೂ ಅಷ್ಟೆ. ಇನ್ನು ವಾಪಸ್ ಬರಲ್ಲ ತಾನೆ?"