ಅಕ್ಕನ ಪಾಲಿನ ನೋವು

ಅಫೀಮಿನ ಮಾತ್ರೆ ಬಿಡಲು ಆಸ್ಪತ್ರೆ ಸೇರಿದವರ ನೋವಿನಲ್ಲಿ ಅರ್ಧವನ್ನು ಮನೆಯವರೊಬ್ಬರು ತಮ್ಮ ಮೈಮೇಲೆ ಹೊರುವ ವ್ಯವಸ್ಥೆ ಅಲ್ಲಿತ್ತು. ಹೊನ್ನೂರಪ್ಪನಿಗಾಗಿ ಬಂದವಳು ಅಕ್ಕ ಈರಮ್ಮ ಒಬ್ಬಳೇ. ಗಣಿಯಲ್ಲಿ ಬೆನ್ನು ಮುರಿದಾಗ ಶುರುವಾದ ಮಾತ್ರೆ, ಬೆನ್ನು ವಾಸಿಯಾದರೂ ಅವನನ್ನು ಬಿಟ್ಟಿರಲಿಲ್ಲ.

ನರ್ಸ್ ಎರಡು ಮಂಚ ಜೋಡಿಸಿ, ಬಿಪಿ ನೋಡುವಷ್ಟೇ ಸಲೀಸಾಗಿ ಇಬ್ಬರ ತೋಳಿಗೂ ನೋವು ಹಂಚುವ ಪಟ್ಟಿ ಕಟ್ಟಿದಳು. "ಮೂರನೇ ದಿನ ಜಾಸ್ತಿ ಇರ್ತದಮ್ಮ, ತಡ್ಕೊಳ್ರಿ" ಎಂದಳು.

ಮೂರನೇ ದಿನ ಮಧ್ಯಾಹ್ನ ಈರಮ್ಮನ ಮೂಳೆಗಳೊಳಗೆ ಇರುವೆ ಹರಿದಂತಾಯಿತು. ಕಣ್ಣು, ಮೂಗು ಸೋರತೊಡಗಿದವು. ಆ ಸೆಕೆಯಲ್ಲೂ ಚಳಿಗೆ ಹಲ್ಲು ಕಟಕಟ ಎಂದವು. ಕುಡಿದ ಗಂಜಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಯಾರ ಮುಂದೆಯೂ ಕೈ ಚಾಚಿದವಳಲ್ಲ. ಈಗ ನರ್ಸಿನ ಕೈ ಹಿಡಿದು, "ಒಂದೇ ಒಂದು ಮಾತ್ರೆ ಕೊಡವ್ವ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು.

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಹೋದ ವರ್ಷ ಅವಳು ಮಾತ್ರೆ ಬಚ್ಚಿಟ್ಟಾಗ ಹೊನ್ನೂರಪ್ಪ ಇದನ್ನೇ ಹೇಳಿ ಅವಳ ಕಾಲು ಹಿಡಿದಿದ್ದ. ಅವಳು ಅವನನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಿದ್ದಳು.

"ನೀನು ನಡುಗಿದ್ದನ್ನ ನಾಟಕ ಅಂದಿದ್ನಲ್ಲೋ ತಮ್ಮಾ" ಎಂದು ಅತ್ತಳು.

"ನಿನಗೇನು ಗೊತ್ತಿತ್ತಕ್ಕ, ಬಿಡು" ಎಂದು ಅವನು ನಡುಗುವ ಬೆರಳುಗಳಿಂದಲೇ ಅವಳ ಪಟ್ಟಿ ಬಿಚ್ಚಿದ.

ನೋವು ಒಂದೇ ಕ್ಷಣಕ್ಕೆ ಅವಳನ್ನು ಬಿಟ್ಟಿತು. ಅವಳ ಪಾಲೂ ಸೇರಿ ತಮ್ಮ ಬಿಲ್ಲಿನಂತೆ ಬಾಗಿ ಚೀರಿದ. ಈರಮ್ಮ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡಳು. ಸಂಜೆಯವರೆಗೂ ಅದನ್ನು ಹಿಡಿದುಕೊಂಡೇ ಕೂತಿದ್ದಳು. ಕಟ್ಟಿಕೊಳ್ಳಲು ಧೈರ್ಯ ಬರಲಿಲ್ಲ.